ಓಒಕು: ಗಂಡುಮಕ್ಕಳನ್ನು ಬಚ್ಚಿಟ್ಟುಕೊಂಡ ದೇಶ

ಕಾಡಿಗೆ ಹೋದ ಹುಡುಗನೊಬ್ಬ ಕರಡಿ ಕೈಗೆ ಸಿಗುತ್ತಾನೆ. ಅಲ್ಲಿಂದ ಶುರು. ಆ ಊರಿನಲ್ಲಿ ಒಂದು ಕಾಯಿಲೆ ಕಾಣಿಸಿಕೊಳ್ಳುತ್ತದೆ. ಜೋರು ಜ್ವರ, ಮೈಮೇಲೆಲ್ಲ ಕೆಂಪು ಗುಳ್ಳೆ, ಕೆಲವೇ ದಿನಗಳಲ್ಲಿ ಸಾವು. ಹೆಂಗಸರಿಗೆ ಬರುವುದಿಲ್ಲ. ಹುಡುಗರನ್ನೇ ಹುಡುಕಿಕೊಂಡು ಹೋಗುತ್ತದೆ. ಪಕ್ಕದ ಮನೆ, ಪಕ್ಕದ ಊರು, ಪಕ್ಕದ ಸೀಮೆ.

ರಾತ್ರಿ ಹತ್ತು ಗಂಟೆ. ಮಗಳ ಮನೆ ಸೋಫಾದಲ್ಲಿ ಮಂಡಿ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ನೋಡುತ್ತಿದ್ದೆ. ‘ಅಯ್ಯೋ, ಮೊದಲು ಆ ಮನೆಯವರನ್ನ ಬೇರೆ ಇಡ್ರೋ’ ಎಂದು ಟಿವಿಗೇ ಹೇಳಿದೆನಂತೆ. ‘ಯಾರ ಹತ್ರ ಮಾತಾಡ್ತಿದೀಯಮ್ಮಾ?’ ಎಂದು ಮಗಳು ಒಳಗಿಂದ ಕೂಗಿದಳು.

ಏನು ಮಾಡುವುದು, 38 ವರ್ಷದ ಅಭ್ಯಾಸ. ನಾನು ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ ಆಗಿದ್ದವಳು. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ 1984ರಿಂದ 2022ರ ವರೆಗೆ ವ್ಯಾಕ್ಸಿನ್ ಡಬ್ಬ ಹೆಗಲಿಗೆ ಹಾಕಿಕೊಂಡು ಓಡಾಡಿದವಳು. ಊರಿನವರ ಬಾಯಲ್ಲಿ ‘ಸಿಸ್ಟರಮ್ಮ’. ಹಾಗಾಗಿ ಈ ವಿಮರ್ಶೆಯನ್ನು ಸಿನಿಮಾ ಪಂಡಿತರ ಮಾತು ಅಂತ ಓದಬೇಡಿ. ನಾನು ಅನಿಮೆ, ಅಂದರೆ ಜಪಾನಿನ ಕಾರ್ಟೂನ್, ಅಂತ ನೋಡಿದ್ದೇ ಇದು ಮೊದಲು.

ನೋಡಿದ್ದು ‘ಓಒಕು: ದಿ ಇನ್ನರ್ ಚೇಂಬರ್ಸ್’. ನೆಟ್‌ಫ್ಲಿಕ್ಸ್‌ನಲ್ಲಿ 2023ರಲ್ಲಿ ಬಂದ ಜಪಾನಿ ಅನಿಮೆ, 10 ಕಂತು. ಫುಮಿ ಯೋಶಿನಾಗ ಎಂಬ ಲೇಖಕಿ 2004ರಿಂದ 2021ರ ವರೆಗೆ ಬರೆದು ಚಿತ್ರಿಸಿದ 19 ಸಂಪುಟಗಳ ಕಾಮಿಕ್ಸ್ ಇದರ ಮೂಲ. ಜಪಾನಿನಲ್ಲಿ ಅದನ್ನು ಮಾಂಗಾ ಅನ್ನುತ್ತಾರೆ. ಓಒಕು ಎನ್ನುವುದನ್ನು ‘ಓ’ ಎಳೆದು, ಇನ್ನೊಂದು ‘ಒ’ ಸೇರಿಸಿ ಹೇಳಬೇಕಂತೆ. ಅರ್ಥ ದೊಡ್ಡ ಒಳಭಾಗ. ನಮ್ಮ ಮಾತಿನಲ್ಲಿ ದೊಡ್ಡ ಒಳಮನೆ ಅನ್ನಿ. ಎಡೋ ಕೋಟೆಯೊಳಗಿನ ರಾಣಿವಾಸ ಅದು. ಎಡೋ ಅಂದರೆ ಈಗಿನ ಟೋಕಿಯೋ. ಚಕ್ರವರ್ತಿ ಕ್ಯೋಟೋದಲ್ಲಿ ಹೆಸರಿಗೆ ಇರುತ್ತಿದ್ದ. ನಿಜವಾದ ಅಧಿಕಾರ ಎಡೋದಲ್ಲಿ ಕೂತ ಶೋಗುನ್ ಕೈಯಲ್ಲಿತ್ತು. ತೊಕುಗಾವ ಮನೆತನದ 15 ಶೋಗುನ್‌ಗಳು 1603ರಿಂದ 1867ರ ವರೆಗೆ ಆಳಿದರು. ಇತಿಹಾಸದಲ್ಲಿ ಎಲ್ಲರೂ ಗಂಡಸರು. ಆ ಒಳಮನೆಯಲ್ಲಿ ನೂರಾರು ಹೆಂಗಸರು, ಒಳಗೆ ಹೋಗಬಹುದಾಗಿದ್ದ ಗಂಡಸು ಶೋಗುನ್ ಒಬ್ಬನೇ ಅನ್ನುವ ಹಾಗೆ ಕಟ್ಟು.

ಕಥೆ ಇದನ್ನು ತಿರುಗಿಸಿ ಹಾಕುತ್ತದೆ. ಆ ಗುಳ್ಳೆಯ ಕಾಯಿಲೆ, ಅಂದರೆ ಕೆಂಪು ಸಿಡುಬು, ಬಂದು 80 ವರ್ಷ ಕಳೆದಿದೆ. ಗಂಡಸರ ಸಂಖ್ಯೆ ಹೆಂಗಸರ ನಾಲ್ಕನೇ ಒಂದು ಭಾಗಕ್ಕೆ ಇಳಿದಿದೆ. ಶೋಗುನ್ ಈಗ ಹೆಂಗಸು. ಒಳಮನೆ ತುಂಬ ಚೆಂದದ ಹುಡುಗರು.

‘ಹೆಂಗಸರು ಆಳುವ ಜಪಾನ್’ ಎಂದು ಹೇಳಿ ಮಗಳು ಇದನ್ನು ಹಾಕಿಕೊಟ್ಟಳು. ನಾನು ಬೇರೆ ಏನೋ ಅಂದುಕೊಂಡಿದ್ದೆ. ಕತ್ತಿ ಹಿಡಿದ ರಾಣಿಯರು, ಕುದುರೆ, ಯುದ್ಧ, ಗಂಡಸರಿಗೆಲ್ಲ ಪಾಠ. ಅಂಥದ್ದು ಏನೂ ಇಲ್ಲ. ಇದು ಕಾಯಿಲೆಯ ಕಥೆ. ಕಾಯಿಲೆ ಒಂದು ದೇಶದ ಮನೆ, ಹೊಲ, ಮದುವೆ, ಲೆಕ್ಕ, ಕೊನೆಗೆ ಇತಿಹಾಸದ ಪುಸ್ತಕವನ್ನೂ ಹೇಗೆ ಬದಲಾಯಿಸುತ್ತದೆ ಎಂಬ ಕಥೆ. ನಾನು ಕೊನೆಯ ತನಕ ಕೂತದ್ದು ಅದಕ್ಕೇ.

ಮೊದಲ ಕಂತು ಒಂದು ಸಣ್ಣ ಸಿನಿಮಾದಷ್ಟು ಉದ್ದ ಇದೆ. ಅದರ ಮೊದಲ ಅರ್ಧ ಗಂಟೆ ಯಾರಾದರೂ ಆರೋಗ್ಯ ಇಲಾಖೆಯವರು ಬರೆದ ಹಾಗಿದೆ. ಹೊಲ, ಅಂಗಡಿ, ಹೊರೆ ಹೊರುವುದು ಎಲ್ಲ ಹೆಂಗಸರದು. ಆಸ್ತಿ ತಾಯಿಯಿಂದ ಮಗಳಿಗೆ ಹೋಗುತ್ತದೆ. ಹುಡುಗ ಮನೆಯ ಒಡವೆ. ಬಿಸಿಲು ತಾಗಬಾರದು, ಜನರ ಮಧ್ಯೆ ಹೋಗಬಾರದು. ಗಂಡನನ್ನು ತರಬೇಕಾದರೆ ದುಡ್ಡಿದ್ದವರ ಕೈಯಲ್ಲಿ ಮಾತ್ರ ಸಾಧ್ಯ. ಬಡ ಹೆಂಗಸಿಗೆ ಮಗು ಬೇಕು ಅಂದರೆ ಯಾರದೋ ಮಗನನ್ನು ಒಂದು ರಾತ್ರಿಗೆ ದುಡ್ಡು ಕೊಟ್ಟು ಕರೆಸಬೇಕು. ಇದನ್ನೆಲ್ಲ ಯಾರೂ ಅಳುತ್ತಾ ಹೇಳುವುದಿಲ್ಲ. ಸಂತೆಯಲ್ಲಿ ರಾಗಿ ರೇಟು ಹೇಳಿದ ಹಾಗೆ ಹೇಳುತ್ತಾರೆ. ಅದೇ ನನಗೆ ಜಾಸ್ತಿ ತಾಗಿದ್ದು.

ಇಲ್ಲೊಂದು ನನ್ನ ಅನುಭವ ಹೇಳಬೇಕು. ಪಲ್ಸ್ ಪೋಲಿಯೊ ಶುರುವಾದ ಹೊಸತು. ಒಂದು ಮನೆಯಲ್ಲಿ ಅಜ್ಜಿ ಮೊಮ್ಮಗಳನ್ನು ತಂದು ಮುಂದೆ ನಿಲ್ಲಿಸಿದರು. ‘ಇವಳಿಗೆ ಹಾಕಿ ಸಿಸ್ಟರಮ್ಮ.’ ‘ಹುಡುಗ ಎಲ್ಲಿ ಅಜ್ಜಿ?’ ಎಂದೆ. ‘ಅವನು ಅವರ ಮಾವನ ಮನೆಗೆ ಹೋಗವ್ನೆ.’ ಅಷ್ಟರಲ್ಲಿ ಒಳಗಿನ ಕತ್ತಲೆ ಕೋಣೆಯಿಂದ ಹುಡುಗನ ಸೀನು ಕೇಳಿಸಿತು. ಅಜ್ಜಿಗೆ ನಾಚಿಕೆಯೇನೂ ಆಗಲಿಲ್ಲ. ‘ಮೊದಲು ಇವಳಿಗೆ ಹಾಕಿ, ಏನೂ ಆಗದಿದ್ರೆ ಆಮೇಲೆ ಅವನಿಗೆ’ ಎಂದರು. ಹುಡುಗಿಗೆ ಮೂರು ವರ್ಷ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದಳು.

ಹಾಗಾಗಿ ಗಂಡುಮಗುವನ್ನು ಒಳಗೆ ಬಚ್ಚಿಡುವ ದೇಶ ನನಗೆ ಕಲ್ಪನೆ ಅನ್ನಿಸಲಿಲ್ಲ. ಈ ಕಥೆಯಲ್ಲಿ ಬಚ್ಚಿಡುವುದಕ್ಕೆ ಕಾರಣ ಇದೆ, ಅಷ್ಟೇ ವ್ಯತ್ಯಾಸ.

ಮೊದಲ ಕಂತಿನ ನಾಯಕ ಮಿಜುನೊ. ಬಡ ಸಮುರಾಯ್, ಅಂದರೆ ಯೋಧರ, ಮನೆಯ ಹುಡುಗ. ವ್ಯಾಪಾರಿ ಮನೆಯ ಒನೊಬು ಎಂಬ ಹುಡುಗಿಯ ಮೇಲೆ ಪ್ರೀತಿ. ಮನೆಯ ಕಷ್ಟಕ್ಕೆ ದುಡ್ಡಾಗಲಿ ಎಂದು ಒಳಮನೆಗೆ ಸೇರುತ್ತಾನೆ. ಅಲ್ಲಿ ನೂರಾರು ಗಂಡಸರು ರೇಷ್ಮೆ ಉಟ್ಟುಕೊಂಡು, ಮುಖ ತೀಡಿಕೊಂಡು, ಒಬ್ಬರ ಮೇಲೊಬ್ಬರು ಚಾಡಿ ಹೇಳಿಕೊಂಡು ಕೂತಿರುತ್ತಾರೆ. ಬೇರೆಯವರೆಲ್ಲ ಬಣ್ಣಬಣ್ಣದ ಬಟ್ಟೆಯಲ್ಲಿ ಸಾಲಾಗಿ ಕೂತ ದಿನ ಇವನೊಬ್ಬ ಅಪ್ಪಟ ಕಪ್ಪು ಹಾಕಿಕೊಂಡು ಬರುತ್ತಾನೆ. ಹೊಸ ಶೋಗುನ್ ಯೋಶಿಮುನೆ ಅವನ ಮುಂದೆ ನಿಲ್ಲುತ್ತಾಳೆ. ಹೆಸರು ಕೇಳುತ್ತಾಳೆ. ಹಾಗೆ ಕೇಳಿದರೆ ಆ ರಾತ್ರಿಗೆ ಅವನೇ ಎಂದು ಅರ್ಥ. ಮದುವೆಯಾಗದ ಶೋಗುನ್ ಜೊತೆ ಮೊದಲ ರಾತ್ರಿ ಕಳೆದವನನ್ನು ಆಮೇಲೆ ಕೊಲ್ಲುವುದು ಅಲ್ಲಿಯ ನಿಯಮ. ಶೋಗುನ್ ಮೈಗೆ ನೋವು ಮಾಡಿದ ಅಪರಾಧವಂತೆ! ನಿಯಮ ಮಾಡಿದವರ ತಲೆಗೆ ಏನು ಹೇಳೋಣ. ಮುಂದೇನಾಯಿತು ಅಂತ ಹೇಳುವುದಿಲ್ಲ. ಒನೊಬು ಬರುವ ಕೊನೆಯ ದೃಶ್ಯದಲ್ಲಿ ಒಬ್ಬಳೇ ಕೂತು ನಕ್ಕೆ, ಅತ್ತೆ. ಎರಡೂ ಒಟ್ಟಿಗೆ.

ಯೋಶಿಮುನೆ ನನಗೆ ತುಂಬ ಹಿಡಿಸಿದಳು. ಹತ್ತಿ ಬಟ್ಟೆ ಉಡುತ್ತಾಳೆ. ಬಣ್ಣದ ಮಾತು ಬೇಡ, ಲೆಕ್ಕ ತನ್ನಿ ಅನ್ನುತ್ತಾಳೆ. ಒಳಮನೆಯ ಖರ್ಚು ತಗ್ಗಿಸಬೇಕಾದಾಗ ಅತಿ ಚೆಂದದ 50 ಗಂಡಸರ ಪಟ್ಟಿ ಮಾಡಿಸುತ್ತಾಳೆ. ಎಲ್ಲರಿಗೂ ಖುಷಿ, ಶೋಗುನ್ ಕಣ್ಣಿಗೆ ಬೀಳುತ್ತೇವೆ ಅಂತ. ಪಟ್ಟಿಯಲ್ಲಿದ್ದವರನ್ನೆಲ್ಲ ಮನೆಗೆ ಕಳಿಸಿಬಿಡುತ್ತಾಳೆ. ಇವರಿಗೆ ಹೊರಗೆ ಸಂಬಂಧ ಸುಲಭವಾಗಿ ಸಿಗುತ್ತದೆ, ಚೆಂದ ಇಲ್ಲದವರು ಇಲ್ಲೇ ಇರಲಿ ಅಂತ! ಇದು ಲೇಖಕಿ ಕಟ್ಟಿದ್ದಲ್ಲ. ನಿಜವಾದ ಎಂಟನೇ ಶೋಗುನ್ ಯೋಶಿಮುನೆ ಬಗ್ಗೆಯೂ ಇದೇ ಕಥೆ ಹೇಳುತ್ತಾರೆ. ಅಲ್ಲಿ 50 ಸುಂದರಿಯರು, ಇಲ್ಲಿ 50 ಸುಂದರರು.

ನಿಜವಾದ ಯೋಶಿಮುನೆ 1716ರಲ್ಲಿ ಪಟ್ಟಕ್ಕೆ ಬಂದವನು. ನಾನು ಆಮೇಲೆ ಅವನ ಬಗ್ಗೆ ಹುಡುಕಿ ಓದಿದೆ. 1721ರಲ್ಲಿ ದೇಶದ ಜನರನ್ನು ಎಣಿಸಲು ಆಜ್ಞೆ ಮಾಡಿದ. 1726ರಿಂದ ಆರು ವರ್ಷಕ್ಕೊಮ್ಮೆ ಎಣಿಕೆ. ಸಮುರಾಯ್ ಜನರನ್ನು ಬಿಟ್ಟು ಸುಮಾರು 2.6 ಕೋಟಿ ಲೆಕ್ಕ ಸಿಕ್ಕಿತು. 1722ರಲ್ಲಿ ಎಡೋದ ಕೊಯಿಶಿಕಾವದಲ್ಲಿ ಬಡವರಿಗೆ ಪುಕ್ಕಟೆ ಆಸ್ಪತ್ರೆ ಮಾಡಿಸಿದ. ಅದಕ್ಕೆ ಕಾರಣ, ಅವನೇ ಹಿಂದಿನ ವರ್ಷ ಇಡಿಸಿದ್ದ ದೂರು ಪೆಟ್ಟಿಗೆಗೆ ವೈದ್ಯನೊಬ್ಬ ಹಾಕಿದ ಅರ್ಜಿ. ಎಣಿಕೆ, ಆಸ್ಪತ್ರೆ, ದೂರು ಪೆಟ್ಟಿಗೆ. ಇಂಥ ದೊರೆಯ ಕೈಕೆಳಗೆ ಒಂದು ಸಬ್‌ಸೆಂಟರ್ ನಡೆಸಬೇಕು ಅನ್ನಿಸಿತು.

ಸರಿ. ಈ ಯೋಶಿಮುನೆಗೆ ಒಂದು ಅನುಮಾನ ಬರುತ್ತದೆ. ನಾವೆಲ್ಲ ಹೆಂಗಸರು, ಆದರೆ ಕಾಗದಪತ್ರದಲ್ಲಿ ಯಾಕೆ ಗಂಡಸಿನ ಹೆಸರು? ವ್ಯಾಪಾರಕ್ಕೆ ಬರುವ ಡಚ್ಚರು ಯಾಕೆ ಗಂಡಸರೇ? ಒಳಮನೆಯಲ್ಲಿ ತುಂಬ ವಯಸ್ಸಾದ ಬರಹಗಾರ ಒಬ್ಬ ಇದ್ದಾನೆ. ಅವನ ಹತ್ತಿರ ಹಳೆಯ ದಿನಚರಿ ಇದೆ. ಅದನ್ನು ತೆರೆದಾಗ ಕಥೆ ಹಿಂದಕ್ಕೆ ಹೋಗುತ್ತದೆ, ಮೂರನೇ ಶೋಗುನ್ ಇಯೆಮಿತ್ಸು ಕಾಲಕ್ಕೆ.

ಗಂಡಸಿನ ಹೆಸರಿನ ಈ ವಿಚಾರ ನನ್ನ ತಲೆಯಿಂದ ಹೋಗಲೇ ಇಲ್ಲ. ನಾನು ವರ್ಷಾ ವರ್ಷ ಕುಟುಂಬ ಸಮೀಕ್ಷೆ ರಿಜಿಸ್ಟರ್ ಬರೆದವಳು. ಅದರಲ್ಲಿ ‘ಕುಟುಂಬದ ಮುಖ್ಯಸ್ಥರು’ ಅಂತ ಒಂದು ಕಾಲಂ. ಗಂಡ ಬೆಂಗಳೂರಿಗೆ ಹೋಗಿ ಎಂಟು ವರ್ಷ ಮುಖ ತೋರಿಸಿರುವುದಿಲ್ಲ. ಹೊಲ ಉಳುಸುವುದು, ಸೊಸೈಟಿ ಸಾಲ ಕಟ್ಟುವುದು, ಮಗಳ ಮದುವೆ ಮಾಡುವುದು ಎಲ್ಲ ಅವಳೇ. ‘ಮುಖ್ಯಸ್ಥರು ಯಾರಮ್ಮ?’ ಎಂದರೆ ಅವಳು ಅವನ ಹೆಸರೇ ಹೇಳುತ್ತಿದ್ದಳು. ನಾನೂ ಅವನ ಹೆಸರೇ ಬರೆಯುತ್ತಿದ್ದೆ. ನೂರು ವರ್ಷ ಆದ ಮೇಲೆ ಆ ರಿಜಿಸ್ಟರ್ ಯಾರಾದರೂ ತೆಗೆದರೆ ಆ ಊರನ್ನು ಗಂಡಸರೇ ನಡೆಸುತ್ತಿದ್ದರು ಅಂದುಕೊಳ್ಳುತ್ತಾರೆ. ಯೋಶಿನಾಗ ಅವರ ಇಡೀ ಕಥೆ ನಿಂತಿರುವುದು ಇದೇ ಗಂಟಿನ ಮೇಲೆ. ದಾಖಲೆಯಲ್ಲಿ ಗಂಡು ಹೆಸರು ಇದ್ದ ಮಾತ್ರಕ್ಕೆ ಗಾದಿ ಮೇಲೆ ಗಂಡಸೇ ಕೂತಿದ್ದ ಅಂತ ನಿಮಗೆ ಹೇಗೆ ಗೊತ್ತು? ಹೀಗೆ ಕೇಳಿ, ನಿಜವಾದ ಇತಿಹಾಸದ ಒಂದು ತಾರೀಖನ್ನೂ ಕೆಡಿಸದೆ, ಅದರ ಸಂದಿಯಲ್ಲೇ ಕಥೆ ನಡೆಸಿಬಿಡುತ್ತಾರೆ.

ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಜಪಾನ್ ಬಾಗಿಲು ಮುಚ್ಚಿದ್ದು ನಿಜ. 1639ರಲ್ಲಿ ಪೋರ್ಚುಗೀಸರನ್ನು ಓಡಿಸಿದರು. 1641ರಲ್ಲಿ ಡಚ್ಚರನ್ನು ನಾಗಸಾಕಿಯ ದೆಜಿಮ ಎಂಬ ಚಿಕ್ಕ ದ್ವೀಪದಲ್ಲಿ ಕೂಡಿಹಾಕಿದರು. ಕ್ರೈಸ್ತ ಮತದ ಭಯ, ವ್ಯಾಪಾರದ ಹಿಡಿತ ಅಂತ ಇತಿಹಾಸ ಕಾರಣ ಕೊಡುತ್ತದೆ. ಕಥೆ ಕೊಡುವ ಕಾರಣ ಬೇರೆ. ದೇಶದಲ್ಲಿ ಗಂಡಸರಿಲ್ಲ ಅನ್ನುವ ಸುದ್ದಿ ಹೊರಗೆ ಹೋದರೆ ಹಡಗು ಕಟ್ಟಿಕೊಂಡು ಬಂದು ಹಿಡಿದುಕೊಳ್ಳುತ್ತಾರೆ. ಬಾಗಿಲು ಹಾಕಿ! ಕೇಳಿದಾಗ ಸರಿಯಾಗೇ ಇದೆಯಲ್ಲ ಅನ್ನಿಸಿಬಿಟ್ಟಿತು.

ಎರಡನೇ ಕಂತಿನಿಂದ ಬೇರೆಯದೇ ಕಥೆ. ಅರಿಕೊತೊ ಎಂಬ ಯುವ ಸನ್ಯಾಸಿ. ಕ್ಯೋಟೋದ ದೊಡ್ಡ ಮನೆತನದವನು. ಮಠಾಧಿಪತಿಯಾದ ಮೇಲೆ ಶೋಗುನ್‌ಗೆ ವಂದನೆ ಹೇಳಿ ಹೋಗೋಣ ಅಂತ ಎಡೋಗೆ ಬರುತ್ತಾನೆ. ಬಂದವನನ್ನು ಹೊರಗೆ ಬಿಡುವುದಿಲ್ಲ. ತಲೆಕೂದಲು ಬೆಳೆಸು, ಸನ್ಯಾಸ ಬಿಡು, ಶೋಗುನ್‌ಗೆ ಮಗು ಕೊಡು. ಒಪ್ಪದಿದ್ದರೆ ಜೊತೆಗೆ ಬಂದವರ ತಲೆ ಹೋಗುತ್ತದೆ. ಇದಕ್ಕೂ ಒಂದು ನಿಜವಾದ ಬೇರು ಇದೆ. 1639ರಲ್ಲಿ ಇಸೆಯ ಕೆಯ್‌ಕೊ-ಇನ್ ಮಠದ ಯುವ ಸನ್ಯಾಸಿನಿ ಇಯೆಮಿತ್ಸುವನ್ನು ಕಾಣಲು ಬಂದಿದ್ದಳು. ಅವಳನ್ನು ಅಲ್ಲೇ ಇಟ್ಟುಕೊಂಡು ಸನ್ಯಾಸ ಬಿಡಿಸಿದರು. ಹೆಣ್ಣಿಗೆ ಆದದ್ದನ್ನು ಇಲ್ಲಿ ಗಂಡಿಗೆ ಮಾಡಿದ್ದಾರೆ. ನೋಡುತ್ತಾ ನೋಡುತ್ತಾ ಅರಿಕೊತೊಗೆ ಆಗುತ್ತಿರುವ ಅನ್ಯಾಯಕ್ಕೆ ಹೊಟ್ಟೆ ಉರಿಯುತ್ತದೆ. ಹೆಣ್ಣಾಗಿದ್ದರೆ ‘ಆಗಿನ ಕಾಲದಲ್ಲಿ ಹಾಗೇ ಇತ್ತು’ ಅಂದುಬಿಡುತ್ತಿದ್ದೆನೋ ಏನೋ.

ಇದನ್ನೆಲ್ಲ ನಡೆಸುವವಳು ಕಸುಗ. ಇಯೆಮಿತ್ಸುವಿಗೆ ಹಾಲೂಡಿಸಿದ ದಾದಿ, ಒಳಮನೆಗೆ ಕಟ್ಟುಪಾಡು ಹಾಕಿದ ಯಜಮಾನಿ. ಇತಿಹಾಸದಲ್ಲಿಯೂ ಇದ್ದವಳೇ, 1643ರಲ್ಲಿ ತೀರಿಕೊಂಡಳು. ಕಥೆಯಲ್ಲಿ ನಿಜವಾದ ಇಯೆಮಿತ್ಸು ಕೆಂಪು ಸಿಡುಬಿನಿಂದ ಸಾಯುತ್ತಾನೆ. ಕಸುಗ ಅದನ್ನು ಮುಚ್ಚಿಟ್ಟು, ಅವನಿಗೆ ಹೊರಗೆ ಹುಟ್ಟಿದ್ದ ಮಗಳನ್ನು ಎತ್ತಿಕೊಂಡು ಬಂದು, ಕೂದಲು ಕತ್ತರಿಸಿ, ಅಪ್ಪನ ಬಟ್ಟೆ ಹಾಕಿ ಕೂರಿಸುತ್ತಾಳೆ. ಆ ಹುಡುಗಿ ಪಟ್ಟ ಪಾಡು ಅರಿಕೊತೊ ಪಾಡಿಗಿಂತ ಕೆಟ್ಟದ್ದು. ಅದನ್ನು ನಾನು ಬಿಡಿಸಿ ಬರೆಯುವುದಿಲ್ಲ.

ಕಸುಗಳನ್ನು ನೋಡಿ ನನಗೆ ಒಬ್ಬ ಹಳೆಯ ಮೇಟ್ರನ್ ನೆನಪಾದರು. ಒಂದು ಸುಕ್ಕು ಇಲ್ಲದ ಸೀರೆ, ಒಂದು ನಗು ಇಲ್ಲದ ಮುಖ. ವಾರ್ಡ್ ನಡೆಯಬೇಕು, ಅದಕ್ಕೆ ಯಾರು ಸತ್ತರೂ ಸರಿ. ಅಂಥವರನ್ನು ದ್ವೇಷ ಮಾಡುವುದು ಸುಲಭ. ಆದರೆ ಇಲ್ಲೊಂದು ವಿಷಯ ಬರುತ್ತದೆ. ಇತಿಹಾಸದ ಇಯೆಮಿತ್ಸುವಿಗೆ ಸಿಡುಬು ಬಂದಾಗ, ಅವನು ಉಳಿದರೆ ನಾನು ಜನ್ಮದಲ್ಲಿ ಔಷಧಿ ಮುಟ್ಟುವುದಿಲ್ಲ ಎಂದು ಕಸುಗ ಹರಕೆ ಹೊತ್ತಿದ್ದಳು ಎಂಬುದು ಜಪಾನಿನಲ್ಲಿ ಹಳೆಯ ಕಥೆ. ಅನಿಮೆಯಲ್ಲಿ ಅವಳು ಹಾಸಿಗೆ ಹಿಡಿದಾಗ ಅರಿಕೊತೊನೇ ಪಕ್ಕದಲ್ಲಿ ಕೂತು ಸೇವೆ ಮಾಡುತ್ತಾನೆ. ಔಷಧಿ ಬಾಯಿ ಹತ್ತಿರ ತಂದರೂ ಬೇಡ ಅನ್ನುವ ಮುದುಕಿ. ಹರಕೆ ಅಂತ ಮಾತ್ರೆ ನುಂಗದ ಎಷ್ಟು ಜನರ ಹತ್ತಿರ ನಾನು ಜಗಳ ಆಡಿದ್ದೇನೋ ಲೆಕ್ಕ ಇಲ್ಲ. ಇವಳ ಹತ್ತಿರ ಆಡುವ ಮನಸ್ಸಾಗಲಿಲ್ಲ.

ಈಗ ದೂರು. ಚಿತ್ರ ಚೆಂದ, ಬಟ್ಟೆಯ ಅಂಚು, ಪರದೆ, ಹಿಮ ಎಲ್ಲ ಚೆಂದ. ಆದರೆ ಚಿತ್ರ ಅಲುಗಾಡುವುದೇ ಕಮ್ಮಿ. ಎಷ್ಟೋ ಕಡೆ ಮುಖ ನಿಂತಿರುತ್ತದೆ, ತುಟಿ ಮಾತ್ರ ಆಡುತ್ತದೆ. ಓಡುವುದು, ಕತ್ತಿ ಬೀಸುವುದು ಬಂದಾಗ ಇನ್ನೂ ಕಷ್ಟ. ಮೊಮ್ಮಗ ಒಂದು ನಿಮಿಷ ನೋಡಿ ‘ಅಜ್ಜಿ, ನೆಟ್ ಸ್ಲೋ ಇದೆಯಾ?’ ಎಂದ. (ಅವನನ್ನು ತಕ್ಷಣ ಎಬ್ಬಿಸಿ ಕಳಿಸಿದೆ. ಇದು ಮಕ್ಕಳು ನೋಡುವಂಥದ್ದು ಖಂಡಿತ ಅಲ್ಲ. ಬಲಾತ್ಕಾರ ಇದೆ, ಕೊಲೆ ಇದೆ, ಒಂದು ಬೆಕ್ಕಿನ ಸಾವೂ ಇದೆ. ಅಳಿಯನ ಜೊತೆ ಕೂತು ನೋಡುವಂಥದ್ದೂ ಅಲ್ಲ, ಅನುಭವದಿಂದ ಹೇಳುತ್ತಿದ್ದೇನೆ.) ಐದು, ಆರನೇ ಕಂತಿನ ಹೊತ್ತಿಗೆ ಕಥೆ ಸೋಮಾರಿ ಎತ್ತಿನ ಗಾಡಿ. ಎಲ್ಲರೂ ಚಾಪೆ ಮೇಲೆ ಕೂತು ಮಾತಾಡುತ್ತಾರೆ. ಎದ್ದು ಇನ್ನೊಂದು ಕೋಣೆಗೆ ಹೋಗಿ ಮತ್ತೆ ಕೂತು ಮಾತಾಡುತ್ತಾರೆ. ಮೂಲ ಪುಸ್ತಕವನ್ನು ಸಾಲು ಬಿಡದೆ ಇಟ್ಟುಕೊಂಡಿದ್ದಾರೆ. ಪುಸ್ತಕದಲ್ಲಿ ಆ ನಿಂತ ಮುಖಗಳೇ ಶಕ್ತಿ. ಟಿವಿಯಲ್ಲಿ ಅದೇ ಭಾರ.

ಹೆಸರುಗಳೂ ಒಂದು ತಾಪತ್ರಯ. ಇಯೆಯಾಸು, ಇಯೆಮಿತ್ಸು, ಇಯೆತ್ಸುನ... ನಾನು ಹಳೆಯ ಕ್ಯಾಲೆಂಡರ್ ಹಿಂಭಾಗದಲ್ಲಿ ವಂಶವೃಕ್ಷ ಬರೆದುಕೊಂಡು ಕೂತೆ. ನೀವೂ ಹಾಗೇ ಮಾಡಿ, ಉಪಯೋಗಕ್ಕೆ ಬರುತ್ತದೆ.

ಆದರೂ ಒಂದು ದೃಶ್ಯಕ್ಕೆ ಎದ್ದು ಕೂತೆ. ಕಸುಗ ಹೋದ ಮೇಲೆ ಆ ಹುಡುಗಿ, ಅಷ್ಟು ವರ್ಷ ಗಂಡಸಿನ ವೇಷದಲ್ಲಿ ಪರದೆ ಹಿಂದೆ ಇದ್ದವಳು, ಸಾಮಂತರ ಮುಂದೆ ಹೆಣ್ಣಾಗಿಯೇ ಬಂದು ಕೂರುತ್ತಾಳೆ. ನಾನೇ ಇಯೆಮಿತ್ಸು ಅನ್ನುತ್ತಾಳೆ. ಗಂಡುಮಕ್ಕಳಿಲ್ಲದ ಮನೆಗಳಲ್ಲಿ ಹೆಣ್ಣುಮಕ್ಕಳು ಗಂಡು ಹೆಸರು ಇಟ್ಟುಕೊಂಡು ವಾರಸುದಾರರಾಗಲಿ, ಸದ್ಯಕ್ಕೆ ಮಾತ್ರ, ಅನ್ನುತ್ತಾಳೆ. ಆ ‘ಸದ್ಯಕ್ಕೆ’ ಕೇಳಿ ನಗು ಬಂತು. ಸರ್ಕಾರಿ ನೌಕರಿಯಲ್ಲಿದ್ದವರಿಗೆ ‘ತಾತ್ಕಾಲಿಕ’ ಅನ್ನುವ ಪದದ ಆಯಸ್ಸು ಗೊತ್ತು.

ಅಧಿಕಾರ ಹೆಂಗಸಿನ ಕೈಗೆ ಬಂತು. ಹಾಗಾದರೆ ಒಳಮನೆ ಹೋಯಿತಾ? ಇಲ್ಲ, ಇನ್ನೂ ದೊಡ್ಡದಾಯಿತು. ವಾರಸುದಾರ ಬೇಕು ಎಂಬ ಒಂದೇ ಹುಚ್ಚು. ಶೋಗುನ್ ಗಂಡಾಗಿದ್ದರೆ ಎಷ್ಟು ಹೆಂಗಸರಿಂದ ಬೇಕಾದರೂ ಮಕ್ಕಳಾಗಬಹುದು. ಹೆಣ್ಣಾದರೆ ಹೊರಬೇಕಾದವಳು ಅವಳೇ. ಪಟ್ಟದ ಮೇಲೆ ಕೂತವಳ ಗರ್ಭಕ್ಕೆ ಇಡೀ ಆಸ್ಥಾನ ಕಾವಲು. ಪ್ರೀತಿಸಿದವನಿಂದ ಮಗು ಆಗಲಿಲ್ಲವಾ, ಇನ್ನೊಬ್ಬನನ್ನು ಕರೆಸಿ. ಅವನಿಂದಲೂ ಸಾಲಲಿಲ್ಲವಾ, ಮತ್ತೊಬ್ಬ. ನಾಲ್ಕನೇ ಹೆರಿಗೆಗೆ ಬಂದ ಬಿಳಿಚಿದ ಮುಖದ ಹೆಂಗಸರನ್ನು ಎಷ್ಟು ನೋಡಿಲ್ಲ ನಾನು? ಹಿಮೋಗ್ಲೋಬಿನ್ 7, ಪಕ್ಕದಲ್ಲಿ ಅತ್ತೆ. ಇಯೆಮಿತ್ಸು ಶೋಗುನ್ ಅಂತ ಅವಳ ಮೈಗೆ ಬೇರೆ ನ್ಯಾಯ ಸಿಗುವುದಿಲ್ಲ. ‘ಹೆಂಗಸರು ಆಳಿದರೆ ಲೋಕ ಚೆನ್ನಾಗಿರುತ್ತೆ’ ಎಂಬ ಸುಲಭದ ಮಾತನ್ನು ಈ ಲೇಖಕಿ ಎಲ್ಲೂ ಆಡುವುದಿಲ್ಲ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಅನಿಮೆ ಇಯೆಮಿತ್ಸು ಕಾಲದ ಕಥೆ ಮುಗಿಸಿ ನಿಂತುಬಿಡುತ್ತದೆ. ನನಗೆ ಕೋಪ ಬಂತು. ಕೆಂಪು ಸಿಡುಬು ಹಾಗೇ ಇದೆಯಲ್ಲ? ಮದ್ದು ಎಲ್ಲಿ? ‘ಪುಸ್ತಕದಲ್ಲಿದೆಯಂತೆ ಕಣಮ್ಮ’ ಎಂದಳು ಮಗಳು. 19 ಸಂಪುಟ ಒಂದೇ ಸಲ ತರಿಸಲಾಗಲಿಲ್ಲ. ಎರಡು ಮೂರರಂತೆ ಇಂಗ್ಲಿಷಿನಲ್ಲಿ ತರಿಸಿ ಆರು ತಿಂಗಳು ಓದಿದೆ. ಒಂದು ಸಲ ಎಂಟರ ಬದಲು ಒಂಬತ್ತು ಎರಡು ಬಂದಿತ್ತು, ಆ ಗೋಳು ಬೇರೆ. ಇಂಗ್ಲಿಷ್ ಹಳೆಯ ಕಾಲದ್ದು, ಹಳೆಯ ಬೈಬಲಿನಲ್ಲಿ ಬರುವ ‘ದೌ’, ‘ದೀ’ ಎಲ್ಲ. ಆಸ್ಥಾನದ ಮಾತಿಗೆ ಗತ್ತು ಬರಲಿ ಅಂತ ಹಾಗೆ ಮಾಡಿದ್ದಾರೆ. ನನಗಂತೂ ಮೊದಲ ಎರಡು ಸಂಪುಟ ಜೋಳದ ರೊಟ್ಟಿಯಲ್ಲಿ ಕಲ್ಲು ಸಿಕ್ಕ ಹಾಗೆ. ಮೂರನೆಯದರಿಂದ ಒಗ್ಗಿತು.

ಎಂಟು, ಒಂಬತ್ತು, ಹತ್ತನೇ ಸಂಪುಟಕ್ಕಾಗಿಯೇ ಇಷ್ಟುದ್ದ ಬರೆಯುತ್ತಿರುವುದು ನಾನು. ಕಥೆ ಬಿಟ್ಟುಕೊಡುತ್ತೇನೆ, ಬೇಡದವರು ಈ ಭಾಗ ದಾಟಿ ಹೋಗಿ. ಯೋಶಿಮುನೆ ಸಾಯುವ ಮುನ್ನ ಈ ಕಾಯಿಲೆಗೆ ಮದ್ದು ಹುಡುಕುವ ಕೆಲಸವನ್ನು ತನುಮ ಒಕಿತ್ಸುಗು ಎಂಬ ಬುದ್ಧಿವಂತ ಅಧಿಕಾರಿಣಿಗೆ ಒಪ್ಪಿಸಿರುತ್ತಾಳೆ. ತನುಮ ಇತಿಹಾಸದಲ್ಲಿ ಗಂಡಸು, ಲಂಚಕ್ಕೆ ಹೆಸರಾದ ಮಂತ್ರಿ. ಇಲ್ಲಿ ಅವಳ ಚಿತ್ರವೇ ಬೇರೆ. ಅವಳ ಕೆಲಸಕ್ಕೆ ಊರೂರು ತಿರುಗುವವಳು ಹಿರಗ ಗೆನ್ನಾಯ್. ಇತಿಹಾಸದ ಗೆನ್ನಾಯ್ ಮುಟ್ಟಿದರೆ ಕಿಡಿ ಹಾರಿಸುವ ವಿದ್ಯುತ್ ಪೆಟ್ಟಿಗೆ ಸರಿಮಾಡಿ ತೋರಿಸಿ ಎಡೋದ ಜನರನ್ನು ಬೆರಗು ಮಾಡಿದ್ದವನು. ಇಲ್ಲಿ ಗಂಡು ವೇಷದ ಹೆಂಗಸು, ಒಂದು ಕಡೆ ನಿಂತ ಕಾಲಲ್ಲಿ ನಿಲ್ಲುವವಳಲ್ಲ. ನಾಗಸಾಕಿಯಿಂದ ಅಓನುಮ ಎಂಬ ವೈದ್ಯನನ್ನು ಇವಳೇ ಕರೆತರುತ್ತಾಳೆ. ಅಪ್ಪ ಡಚ್ಚ, ಹಾಗಾಗಿ ನೀಲಿ ಕಣ್ಣು. ಒಳಮನೆಯ ಗಂಡಸರಿಗೆ ಡಚ್ ವೈದ್ಯ ಕಲಿಸುತ್ತಾನೆ. ಮೊದಲು ಯಾರೂ ಬರುವುದಿಲ್ಲ. ಆಮೇಲೆ ಒಬ್ಬ, ಇಬ್ಬರು. ಅವನು ಅವರಿಗೆ ಮೊದಲು ಹೇಳಿಕೊಡುವುದೇ ಕೈ ತೊಳೆಯುವ ಥರದ ಸಣ್ಣ ಸಂಗತಿಗಳು.

ಅವರ ಉಪಾಯ ನಮಗೆಲ್ಲ ಗೊತ್ತಿರುವುದೇ. ಕಾಯಿಲೆ ಸೌಮ್ಯವಾಗಿ ಬಂದವನ ಗುಳ್ಳೆಯ ರಸ ತೆಗೆದು ಆರೋಗ್ಯವಂತನಿಗೆ ಹಾಕುವುದು. ಸ್ವಲ್ಪ ಜ್ವರ ಬರುತ್ತದೆ, ಆಮೇಲೆ ಜನ್ಮದಲ್ಲಿ ಬರುವುದಿಲ್ಲ. ಸಿಡುಬಿಗೆ ನಿಜವಾಗಿಯೂ ಇಂಡಿಯಾ, ಚೀನಾ, ತುರ್ಕಿಯಲ್ಲೆಲ್ಲ ಹೀಗೆ ಮಾಡುತ್ತಿದ್ದರು. 1796ರಲ್ಲಿ ಜೆನ್ನರ್ ಹಸುವಿನ ಸಿಡುಬು ಬಳಸಿದ ಮೇಲೆ ಅಪಾಯ ತೀರಾ ಕಮ್ಮಿಯಾಯಿತು. ನಮ್ಮ ಮೈಸೂರಿನ ಒಳಮನೆಗೂ ಈ ಕಥೆಯಲ್ಲಿ ಪಾಲಿದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ರಾಜಮನೆತನದ ಹೆಂಗಸರ ಚಿತ್ರವಿದೆ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ, ಜನರಿಗೆ ಧೈರ್ಯ ಬರಲಿ ಅಂತ ಬರೆಸಿದ್ದು ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಹೊರಗೆ ಮುಖವೇ ತೋರಿಸದವರು ತೋಳು ತೋರಿಸಿದ್ದು! ಜಪಾನಿಗೆ ಹಸುವಿನ ಲಸಿಕೆ ಸರಿಯಾಗಿ ತಲುಪಿದ್ದು 1849ರಲ್ಲಿ, ಅದೇ ನಾಗಸಾಕಿಯ ದಾರಿಯಲ್ಲಿ.

ಅಓನುಮನ ಮದ್ದು ಕೆಲಸ ಮಾಡುತ್ತದೆ. ಹುಡುಗರು ಉಳಿಯುತ್ತಾರೆ. ಆದರೆ ಒಂದು ದೊಡ್ಡ ಮನೆಯ ಹುಡುಗ ಸಾಯುತ್ತಾನೆ. ಉಳಿದ ಎಲ್ಲರನ್ನೂ ಜನ ಮರೆತುಬಿಡುತ್ತಾರೆ. ಅಷ್ಟರಲ್ಲಿ ಆಸ್ಥಾನದ ಗಾಳಿಯೂ ಬದಲಾಗಿರುತ್ತದೆ. ಅಓನುಮನಿಗೆ ಸಾವಿನ ಶಿಕ್ಷೆ.

ಆ ಪುಟ ಮುಚ್ಚಿಟ್ಟು ಎದ್ದುಹೋಗಿ ಕಾಫಿ ಮಾಡಿದೆ. ಕುಡಿಯಲಿಲ್ಲ. 1991. ಒಂದು ಮಗುವಿಗೆ ಡಿಪಿಟಿ ಎರಡನೇ ಡೋಸ್ ಹಾಕಿ ಬಂದಿದ್ದೆ. ರಾತ್ರಿ ಜ್ವರ ಏರಿ ತೊಡೆ ಊದಿಕೊಂಡಿತು. ಹತ್ತು ಹದಿನೈದು ಜನ ಮನೆ ಮುಂದೆ ಬಂದರು. ನಾನು ಅವರ ಜೊತೆಗೇ ಹೋಗಿ ಬೆಳಗಿನ ತನಕ ಒದ್ದೆ ಬಟ್ಟೆ ಇಟ್ಟುಕೊಂಡು ಕೂತೆ. ಬೆಳಗ್ಗೆ ಮಗು ಹಾಲು ಕುಡಿಯಿತು. ಮೂರು ದಿನದಲ್ಲಿ ಊತವೂ ಇಳಿಯಿತು. ಆದರೆ ಮುಂದಿನ ತಿಂಗಳು ಆ ಊರಿನಲ್ಲಿ ನಾನು ಡಬ್ಬ ತೆರೆದುಕೊಂಡು ಸಂಜೆಯ ತನಕ ಕೂತರೂ ಒಂದು ಮಗು ಬರಲಿಲ್ಲ. ಮೇಲಿನವರೊಬ್ಬರು ಎಲ್ಲರ ಎದುರಿಗೆ, ನಿನ್ನ ಕೈಗುಣವೇ ಸರಿಯಿಲ್ಲ ಎಂದರು. ಜಪಾನಿನಲ್ಲಿ ಆಗಿದ್ದರೆ ತಲೆಯೇ ಹೋಗುತ್ತಿತ್ತು.

ಅಓನುಮನ ಶಿಷ್ಯರು ಬಿಡುವುದಿಲ್ಲ. ವರ್ಷಗಟ್ಟಲೆ ಕಾಡಿನಲ್ಲಿ ಅಲೆಯುತ್ತಾರೆ. ಕರಡಿಯಿಂದ ಬಂದದ್ದಕ್ಕೆ ಕರಡಿಯಿಂದಲೇ ಮದ್ದು ಸಿಗುತ್ತದೆ. ಜೆನ್ನರ್‌ಗೆ ಹಸು, ಇವರಿಗೆ ಕರಡಿ. ಮೊದಲ ಕಂತಿನ ಆ ಕರಡಿಗೆ ಇಲ್ಲಿ ಲೆಕ್ಕ ಚುಕ್ತಾ ಆದಾಗ ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಹುಡುಗರು ಬದುಕತೊಡಗುತ್ತಾರೆ. ಅವರು ಬೆಳೆದಂತೆ ಗಾದಿಗಳು ಮತ್ತೆ ಗಂಡಸರ ಕೈಗೆ ಹೋಗುತ್ತವೆ. ಯಾರೂ ಕಿತ್ತುಕೊಳ್ಳುವುದಿಲ್ಲ, ಸುಮ್ನೆ ಹೋಗುತ್ತವೆ. ‘ಸದ್ಯಕ್ಕೆ’ ಅಂದಿದ್ದರಲ್ಲ, ಅದು 200 ವರ್ಷದ ಹತ್ತಿರ ನಡೆದು ಮುಗಿಯುತ್ತದೆ. ಕೊನೆಯ ನಾಲ್ಕು ಸಂಪುಟ 1868ರಲ್ಲಿ ಎಡೋ ಕೋಟೆ ಬಿಟ್ಟುಕೊಡುವ ತನಕ ಓಡುತ್ತವೆ. ರಾಜಕೀಯ ಜಾಸ್ತಿ, ನನಗೆ ಅಷ್ಟು ಹಿಡಿಸಲಿಲ್ಲ.

ಯಾರು ನೋಡಬೇಕು ಅಂದರೆ, ಮೊದಲ ಕಂತನ್ನು ದೊಡ್ಡವರೆಲ್ಲರೂ ನೋಡಿ. ಅದೊಂದೇ ಪೂರ್ತಿ ಕಥೆಯ ಹಾಗೆ ನಿಲ್ಲುತ್ತದೆ. ಮುಂದಿನದಕ್ಕೆ ತಾಳ್ಮೆ, ಗಟ್ಟಿ ಮನಸ್ಸು ಎರಡೂ ಬೇಕು. ಇಂಗ್ಲಿಷ್ ಡಬ್ಬಿಂಗ್ ಬೇಡ, ಜಪಾನಿ ಮಾತು ಇಟ್ಟುಕೊಂಡು ಕೆಳಗಿನ ಬರಹ ಓದಿ. ಮಾತಿನ ಮರ್ಯಾದೆ, ಬಗ್ಗುವುದು, ತಡೆದು ಹೇಳುವುದು ಆ ದನಿಯಲ್ಲೇ ಇದೆ. ಜಪಾನಿನ ಎನ್‌ಎಚ್‌ಕೆ ವಾಹಿನಿ 2023ರಲ್ಲೇ ಇದನ್ನು ನಟನಟಿಯರಿಟ್ಟು ಎರಡು ಭಾಗದಲ್ಲಿ ಧಾರಾವಾಹಿ ಮಾಡಿದೆ, ಲಸಿಕೆಯ ಕಥೆಯನ್ನೂ ಸೇರಿಸಿ. ಅನಿಮೆಗೆ ಐದಕ್ಕೆ ಮೂರು. ಪುಸ್ತಕಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಆ ‘ದೌ’, ‘ದೀ’ಗೆ.

ಕೊನೆಗೆ ಅಮ್ಮನ ವಿಷಯ. ಅವರಿಗೆ 84. ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದ ತುಂಬ ಕಲೆ ಇದೆ. ಆಗ ಅದನ್ನು ಕಾಯಿಲೆ ಅನ್ನುತ್ತಿರಲಿಲ್ಲ, ‘ಅಮ್ಮ ಆಗಿದೆ’ ಅನ್ನುತ್ತಿದ್ದರು. ನಮ್ಮ ದೇಶದಲ್ಲಿ ಕೊನೆಯ ಸಿಡುಬು 1975ರಲ್ಲಿ. ನಾನು ಕೆಲಸಕ್ಕೆ ಸೇರುವಷ್ಟರಲ್ಲಿ ಅದು ಹೋಗಿ ಒಂಬತ್ತು ವರ್ಷ. ಹಾಗಾಗಿ 38 ವರ್ಷದ ನೌಕರಿಯಲ್ಲಿ ಸಿಡುಬಿನ ಕಲೆ ಎಂದರೆ ನನಗೆ ನೆನಪಾಗುತ್ತಿದ್ದದ್ದು ಮನೆಯಲ್ಲಿದ್ದ ಈ ಮುಖವೇ.

ಹೋದ ತಿಂಗಳು ಅವರು ಬಂದಿದ್ದಾಗ ಮೊದಲ ಕಂತು ಇನ್ನೊಮ್ಮೆ ಹಾಕಿದ್ದೆ. ಜಪಾನಿ ಮಾತು, ಇಂಗ್ಲಿಷ್ ಬರಹ. ಎರಡೂ ಅವರಿಗೆ ಬಾರದು. ಹಾಸಿಗೆಯಲ್ಲಿ ಮಲಗಿದ ಹುಡುಗ, ಕೆಂಪು ಗುಳ್ಳೆ, ಪಕ್ಕದಲ್ಲಿ ತಾಯಿ. ಅಮ್ಮ ಎಲೆ ಅಡಿಕೆ ಕೈಯಲ್ಲೇ ಹಿಡಿದು ನೋಡುತ್ತಿದ್ದರು.

‘ಅಮ್ಮ ಆಗೈತಾ ಅವನಿಗೆ?’

‘ಹೂಂ.’

‘ಬೇವಿನ ಸೊಪ್ಪು ಹಾಸೇ ಇಲ್ವಲ್ಲೇ.’

‘ಅವರ ಊರಲ್ಲಿ ಬೇವಿನ ಮರ ಇಲ್ಲಮ್ಮ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ, ‘ಪಾಪ, ಅದಕ್ಕೇ’ ಎಂದರು. ‘ಸಾಕು, ನನ್ನ ಸೀರಿಯಲ್ ಹಾಕು.’